ಎರಡೂ ಕಿವಿಗೆ ಹಿಡಿದ ಕಾಯಿ

ತೆಂಗಿನಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂದು ತಿಳಿಯಲು ಹಾಸನ ಜಿಲ್ಲೆಯ ಗಂಡಸಿ ಕಡೆಯವರು ಅದನ್ನು ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ನೀರು ಬತ್ತಿ ತಿರುಳು ಚಿಪ್ಪಿನಿಂದ ಬಿಟ್ಟಿದ್ದರೆ ಲೊಡಲೊಡ ಎನ್ನುತ್ತದೆ. ಸದ್ದು ಬಾರದ ಕಾಯಿ ಇನ್ನಷ್ಟು ದಿನ ಅಟ್ಟದ ಮೇಲೇ ಇರಬೇಕು.

ಮರಿಯಣ್ಣನ ಮನೆಯಲ್ಲಿ ಇದು ಹೆಂಗಸರ ಕೆಲಸ. ಅವನ ತಾಯಿ ಗಿಡ್ಡಮ್ಮ ವರ್ಷಗಟ್ಟಲೆ ಮಾಡಿ, ಮೊಣಕಾಲು ನೋವು ಬಂದ ಮೇಲೆ ಸೊಸೆ ಕೆಂಪಲಕ್ಷ್ಮಮ್ಮನಿಗೆ ಒಪ್ಪಿಸಿದ್ದಳು. ಸೊಸೆಗೆ ಒಂದು ರೂಢಿ. ಏಣಿಯ ಮೇಲೆ ನಿಂತು ಬಲಗಿವಿ ತೋಳಿಗೆ ಒತ್ತಿಕೊಳ್ಳುವಂತೆ ಬಲಗೈಯಲ್ಲಿ ಅಟ್ಟದ ತೊಲೆ ಹಿಡಿಯುತ್ತಿದ್ದಳು, ಎಡಗೈಯಲ್ಲಿ ಕಾಯಿ ಎತ್ತಿ ಎಡಗಿವಿಗೆ ಹಿಡಿಯುತ್ತಿದ್ದಳು. ಬಂದದ್ದನ್ನು, ಅಂದರೆ ಒಣಗಿ ಕೊಬ್ಬರಿಯಾದದ್ದನ್ನು, ಕೆಳಕ್ಕೆ ಹಾಕುವುದು, ಬಾರದ್ದನ್ನು ಒಳಕ್ಕೆ ತಳ್ಳುವುದು.

ಮನೆಮನೆಗೆ ಬಂದು ಪೋಲಿಯೋ ಹನಿ ಹಾಕುತ್ತಿದ್ದ ಕಾಲ ಅದು. ಆ ವರ್ಷ ಕೆಂಪಲಕ್ಷ್ಮಮ್ಮನಿಗೆ ತಲೆಸುತ್ತು ಹಿಡಿದಿತ್ತು. ಸರಕ್ಕನೆ ತಿರುಗಿದರೆ ಅಂಗಳವೇ ತಿರುಗಿದಂತಾಗುತ್ತಿತ್ತು. ನಡೆಯುವಾಗ ಎಡಕ್ಕೆ ವಾಲುತ್ತಿದ್ದಳು. ಕತ್ತಲಲ್ಲಿ ಹಿತ್ತಲಿಗೆ ಹೋಗಬೇಕಾದರೆ ಗೋಡೆ ಹಿಡಿಯಬೇಕು. ಎಡಗಿವಿಯೊಳಗೆ ಜೀರುಂಡೆ ಕೂತಂತೆ ಸದಾ ಗುಂಯ್ ಎನ್ನುತ್ತಿತ್ತು.

“ಪಿತ್ತ ಕಣೇ. ಜೀರಿಗೆ ಕಷಾಯ ಕುಡಿ,” ಎಂದಳು ಗಿಡ್ಡಮ್ಮ.

“ಗ್ಯಾಸ್ಟ್ರಿಕ್ಕು ಕಣವ್ವ. ಹೊತ್ತಿಗೆ ಸರ್ಯಾಗಿ ಉಣ್ಣಲ್ಲ ಇವ್ಳು,” ಎಂದ ಮರಿಯಣ್ಣ.

ಕಷಾಯವೂ ಆಯಿತು, ಮೆಡಿಕಲ್ ಷಾಪಿನ ಗುಳಿಗೆಯೂ ಆಯಿತು. ಗುಳಿಗೆ ನುಂಗಿದರೆ ನಿದ್ದೆ ಬರುತ್ತಿತ್ತು. ಎದ್ದರೆ ಮತ್ತೆ ಅದೇ ತಲೆಸುತ್ತು.

ಕೊಬ್ಬರಿ ಇಳಿಸುವ ದಿನ ಬಂತು. ಕೆಂಪಲಕ್ಷ್ಮಮ್ಮ ಏಣಿ ಹತ್ತಿ ಕಾಯಿ ಅಲ್ಲಾಡಿಸುತ್ತಲೇ ಇದ್ದಳು. ಕೆಳಕ್ಕೆ ಒಂದೂ ಬೀಳಲಿಲ್ಲ.

“ಇನ್ನೂ ಒಂದೂ ಬಂದಿಲ್ವೇನೇ? ಕಾಯಿಗೂ ಪಿತ್ತ ಹಿಡ್ದೈತಾ?” ಎಂದು ಗಿಡ್ಡಮ್ಮ ಕೆಳಗಿನಿಂದ ಕೂಗಿದಳು.

“ಯಾವುದೂ ಸದ್ದೇ ಮಾಡ್ತಿಲ್ಲ ಅತ್ತೆ,” ಎಂದು ಉತ್ತರ ಕೊಡಲು ಕೆಂಪಲಕ್ಷ್ಮಮ್ಮ ಕತ್ತು ತಿರುಗಿಸಿದಳು. ಅಷ್ಟೇ. ಅಟ್ಟ, ತೊಲೆ, ಹೆಂಚು ಎಲ್ಲಾ ಒಟ್ಟಿಗೆ ಗಿರ್ರನೆ ತಿರುಗಿದವು. ಕೈ ಜಾರಿತು. ಬಿದ್ದದ್ದು ಕೆಳಗೆ ರಾಶಿ ಹಾಕಿದ್ದ ತೆಂಗಿನ ಮಟ್ಟೆಯ ಮೇಲೆ. ಮೊಣಕೈ ತರಚಿತು, ಜೀವ ಉಳಿಯಿತು.

ಅವಳ ಕೈಯಲ್ಲಿದ್ದ ಕಾಯಿ ಉರುಳಿ ಗಿಡ್ಡಮ್ಮನ ಕಾಲ ಬಳಿ ಬಂತು. ಗಿಡ್ಡಮ್ಮ ಗಾಬರಿಯಲ್ಲೂ ಅದನ್ನು ಎತ್ತಿಕೊಂಡಳು. ಹಳೆಯ ಕೈ, ತಾನಾಗಿ ಅಲ್ಲಾಡಿಸಿತು. ಲೊಡಲೊಡ ಎಂದಿತು ಕಾಯಿ.

“ಅಯ್ಯೋ! ಇದು ಬಂದೈತಲ್ಲೇ!”

ಪಕ್ಕದ ಬೀದಿಯಲ್ಲಿ ಹನಿ ಹಾಕುತ್ತಿದ್ದ ನರ್ಸ್ ಮಂಜುಳಾ ಬಂದು ಗಾಯ ತೊಳೆದು ಪಟ್ಟಿ ಕಟ್ಟಿದಳು. ಹಾಗೆಯೇ ತಲೆಸುತ್ತು, ಗುಂಯ್, ಪಿತ್ತದ ಕಥೆಯನ್ನೂ ಅತ್ತೆ ಸೊಸೆಯರ ಜಗಳವನ್ನೂ ಕೇಳಿಸಿಕೊಂಡಳು. ಅತ್ತೆ ಕಾಯಿ ಬಂದಿದೆ ಅನ್ನುತ್ತಾಳೆ, ಸೊಸೆ ಬಂದಿಲ್ಲ ಅನ್ನುತ್ತಾಳೆ. ಮಂಜುಳಾ ಆ ಕಾಯಿಯನ್ನು ಸೊಸೆಯ ಕೈಗೆ ಕೊಟ್ಟಳು.

“ಅಕ್ಕಾ, ಯಾವ ಕಿವಿಗೆ ಹಿಡ್ದು ನೋಡ್ತಿದ್ರಿ? ಈಗ ಆ ಕಿವಿ ಬೆರಳಿಂದ ಮುಚ್ಕಂಡು ಇನ್ನೊಂದಕ್ಕೆ ಹಿಡೀರಿ ನೋಡಣ.”

ಕೆಂಪಲಕ್ಷ್ಮಮ್ಮ ಬಲಗಿವಿಗೆ ಹಿಡಿದಳು. ಲೊಡಲೊಡ. ಬಲಗಿವಿ ಮುಚ್ಚಿ ಎಡಗಿವಿಗೆ ಹಿಡಿದಳು. ಏನೂ ಇಲ್ಲ. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಕೈಯಲ್ಲಿರುವುದು ಒಂದೇ ಕಾಯಿ. ಒಂದು ಕಡೆ ಕೊಬ್ಬರಿ, ಇನ್ನೊಂದು ಕಡೆ ಕಲ್ಲು. ಮನೆಯವರೆಲ್ಲ ದೇವರ ಮುಂದೆ ನಿಂತವರಂತೆ ಆ ಕಾಯಿಯನ್ನೇ ನೋಡಿದರು.

“ಒಂದು ಕಿವಿ ಹೋಗಿದ್ದು ನಂಗೇ ಗೊತ್ತಾಗ್ಲಿಲ್ವಲ್ಲ ಸಿಸ್ಟರ್,” ಎಂದಳು ಕೆಂಪಲಕ್ಷ್ಮಮ್ಮ.

“ನಿಧಾನಕ್ಕೆ ಹೋದ್ರೆ ಗೊತ್ತಾಗಲ್ಲ ಅಕ್ಕ. ಇನ್ನೊಂದು ಕಿವಿ ನಿಭಾಯಿಸ್ಬಿಡ್ತದೆ. ಆದ್ರೆ ಒಂದೇ ಕಿವಿ ಮಂದ ಆಗಿ, ಅದೇ ಕಿವೀಲಿ ಗುಂಯ್ ಅಂದು, ಜೊತೆಗೆ ಓಲಾಡೋ ಹಂಗಾದ್ರೆ ಪಿತ್ತ ಅಂತ ಸುಮ್ನೆ ಕೂರಬಾರ್ದು. ಕಿವಿ ಡಾಕ್ಟ್ರಿಗೆ ತೋರಿಸ್ಬೇಕು.”

“ಬೀಳದಂಗೆ ನೋಡ್ಕಂಡ್ರಾಯ್ತು, ಡಾಕ್ಟ್ರು ಯಾಕೆ?” ಎಂದು ಗಿಡ್ಡಮ್ಮ ಗೊಣಗಿದಳು.

“ಅಜ್ಜಿ, ಇವತ್ತು ಕೆಳಗೆ ಮಟ್ಟೆ ಇತ್ತು. ನಾಳೆ ಬಾವಿಕಟ್ಟೆ ಹತ್ರ ತಲೆ ತಿರುಗಿದ್ರೆ?”

ಗಿಡ್ಡಮ್ಮ ಬಾವಿಕಟ್ಟೆಯ ಕಡೆ ತಿರುಗಿ ನೋಡಿದಳು.

ಆ ವಾರವೇ ಗಂಡ ಹೆಂಡತಿ ಬಸ್ಸಿನಲ್ಲಿ ಹಾಸನಕ್ಕೆ ಹೋದರು. ಕಿವಿ ಡಾಕ್ಟರ್ ಇಂದುಧರ ಕವೆಯಂಥ ಒಂದು ಉಕ್ಕಿನ ಕಡ್ಡಿಯನ್ನು ತಟ್ಟಿ, ಅದರ ಬುಡವನ್ನು ಕೆಂಪಲಕ್ಷ್ಮಮ್ಮನ ಹಣೆಯ ನಡುವೆ ಇಟ್ಟರು. “ಎಲ್ಲಿ ಕೇಳುತ್ತಮ್ಮ?” ಎಂದರು. ಇಟ್ಟದ್ದು ನಡುವೆ, ಕೇಳಿದ್ದು ಬಲಗಡೆ ಮಾತ್ರ. ಆಮೇಲೆ ಸದ್ದುಗದ್ದಲವಿಲ್ಲದ ಕೋಣೆಯಲ್ಲಿ ಕೂರಿಸಿ, ಎರಡೂ ಕಿವಿಯ ಪರೀಕ್ಷೆ ಬೇರೆ ಬೇರೆಯಾಗಿ ಮಾಡಿಸಿದರು.

ಮರಿಯಣ್ಣ ಗಾರೆ ಕೆಲಸವನ್ನೂ ಬಲ್ಲವನು ಎಂದು ತಿಳಿದಾಗ ಡಾಕ್ಟರಿಗೆ ಹೇಳುವುದು ಸುಲಭವಾಯಿತು.

“ನೀವು ಗೋಡೆಗೆ ರಸಮಟ್ಟ ಇಡ್ತೀರಲ್ಲ, ಅಂಥದ್ದು ನಮ್ಮ ಎರಡು ಕಿವಿಯೊಳಗೂ ಇದೆ. ನಾವು ನೆಟ್ಟಗಿದೀವೋ ವಾಲ್ತಾ ಇದೀವೋ ಅಂತ ಅದು ಮಿದುಳಿಗೆ ಹೇಳ್ತಾ ಇರುತ್ತೆ. ಕೇಳಿಸೋ ನರ, ಈ ಮಟ್ಟದ ನರ ಎರಡೂ ಜೋಡೆತ್ತಿನ ಹಾಗೆ ಒಂದೇ ದಾರಿಯಲ್ಲಿ ಹೋಗ್ತವೆ. ಆ ದಾರಿಯಲ್ಲಿ ಏನೋ ಅಡ್ಡ ಕೂತಿರಬಹುದು. ಬೆಂಗಳೂರಲ್ಲಿ ಎಂ.ಆರ್.ಐ. ಸ್ಕ್ಯಾನ್ ಮಾಡಿಸಿ.”

ಮರಿಯಣ್ಣ ತನ್ನ ಕಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. “ಕಿವಿ ಅಂದ್ರೆ ಕೇಳೋಕೆ, ಓಲೆ ಹಾಕೋಕೆ ಅಂದ್ಕಂಡಿದ್ದೆ ಸಾರ್. ನಮ್ಮನ್ನ ನಿಲ್ಲಿಸಿರೋದೂ ಇದೇನಾ!”

ಇಂದುಧರ ಇನ್ನೊಂದು ಮಾತು ಹೇಳಿದರು. “ಅಲ್ಲಿ ಹೋದಾಗ ಸಂಕೋಚ ಪಡಬೇಡಿ. ಇದಕ್ಕೆಂದೇ ಪಳಗಿದ ಡಾಕ್ಟರು ಯಾರು ಅಂತ ಕೇಳಿ. ಇಂಥ ಆಪರೇಷನ್ ಆಗಾಗ ಮಾಡ್ತೀರಾ ಅಂತಲೂ ಕೇಳಿ.”

ಬೆಂಗಳೂರಿಗೆ ಗಿಡ್ಡಮ್ಮನೂ ಹೊರಟಳು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ರಮಾ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಪ್ಪು ಬೂದು ಬಣ್ಣದಲ್ಲಿ ತಲೆಯೊಳಗಿನದೆಲ್ಲ ಕಾಣುತ್ತಿತ್ತು. ಎಡಗಿವಿಯ ಹಿಂದೆ, ಆಳದಲ್ಲಿ, ಅಡಿಕೆಯಷ್ಟು ಬಿಳಿಯ ಚುಕ್ಕೆ.

ಗಿಡ್ಡಮ್ಮ ಹತ್ತಿರ ಹೋಗಿ, ಮುಟ್ಟಲು ಹೆದರಿ, ಕೈ ಹಿಂದಕ್ಕೆಳೆದುಕೊಂಡಳು. “ಒಡೀದಂಗೆ ಒಳಗಿಂದು ತಿಳ್ಕಳೋದು ನಮಗೊಬ್ರಿಗೇ ಗೊತ್ತು ಅಂದ್ಕಂಡಿದ್ದೆ ಕಣವ್ವಾ. ನೀವು ತಲೇನೇ ಒಡೀದಂಗೆ ನೋಡ್ಬುಟ್ರಲ್ಲ!”

“ಇದಕ್ಕೆ ಅಕೌಸ್ಟಿಕ್ ನ್ಯೂರೋಮಾ ಅಂತಾರೆ ಅಜ್ಜಿ,” ಎಂದರು ಡಾಕ್ಟರ್. “ನರದ ಮೇಲೆ ಬೆಳೆಯೋ ಗಡ್ಡೆ. ಕ್ಯಾನ್ಸರ್ ಅಲ್ಲ. ಸಣ್ಣದಿದ್ರೆ ಆಗಾಗ ಸ್ಕ್ಯಾನ್ ಮಾಡ್ತಾ ಕಾಯಬಹುದು. ಕೆಲವರಿಗೆ ವಿಕಿರಣ ಚಿಕಿತ್ಸೆ ಕೊಡ್ತೀವಿ. ಇವರದು ಮಿದುಳಿಗೆ ಒತ್ತೋಕೆ ಶುರು ಮಾಡಿದೆ, ತೆಗೆಯೋದೇ ಒಳ್ಳೇದು. ಆದರೆ ಸುಳ್ಳು ಹೇಳಲ್ಲ. ಆ ಕಿವಿ ಮತ್ತೆ ಕೇಳಲ್ಲ. ಮುಖದ ನರ ಪಕ್ಕದಲ್ಲೇ ಇದೆ, ಬಾಯಿ ಕಣ್ಣು ಸ್ವಲ್ಪ ಸೊಟ್ಟಗಾಗಬಹುದು. ಕೆಲವು ದಿನ ತಲೆಸುತ್ತು ಜಾಸ್ತಿಯೇ ಆಗುತ್ತೆ.”

ಮರಿಯಣ್ಣನಿಗೆ ಇಂದುಧರರು ಹೇಳಿಕೊಟ್ಟ ಮಾತು ಗಂಟಲವರೆಗೆ ಬಂದು ನಿಂತಿತು. ಗಿಡ್ಡಮ್ಮನಿಗೆ ನಿಲ್ಲಲಿಲ್ಲ.

“ತಾಯೀ, ನಮ್ಮೂರಲ್ಲಿ ಹೊಸದಾಗಿ ಮರ ಹತ್ತೋನಿಗೆ ಎತ್ತರದ ಮರ ಕೊಡಾಕಿಲ್ಲ. ನೀವು ಇಂಥ ಮರ ಹತ್ತಿದೀರಾ?”

“ಅವ್ವೋ, ಸುಮ್ನಿರು!” ಎಂದು ಮರಿಯಣ್ಣ ಸೆರಗು ಹಿಡಿದೆಳೆದ.

ಡಾಕ್ಟರ್ ರಮಾ ನಕ್ಕುಬಿಟ್ಟರು. “ಕೇಳಬೇಕಾದ ಮಾತೇ ಕೇಳಿದ್ರಿ ಅಜ್ಜಿ. ವರ್ಷಗಳಿಂದ ಹತ್ತುತ್ತಾ ಇದೀನಿ. ಕಿವಿ ಡಾಕ್ಟರು, ಮಿದುಳಿನ ಡಾಕ್ಟರು ಜೊತೆಯಾಗೇ ಹತ್ತುತ್ತೀವಿ. ಬೇಕಿದ್ರೆ ಇನ್ನೊಬ್ಬರ ಅಭಿಪ್ರಾಯವನ್ನೂ ಕೇಳಿ ಬನ್ನಿ.”

ಎಲ್ಲರೂ ಕೆಂಪಲಕ್ಷ್ಮಮ್ಮನ ಕಡೆ ತಿರುಗಿದರು. ಅವಳು ಫಿಲ್ಮಿನ ಬಿಳಿ ಚುಕ್ಕೆಯನ್ನೇ ನೋಡುತ್ತಿದ್ದಳು. “ಕಾಯಿ ನೋಡೋಕೆ ಒಂದು ಕಿವಿ ಸಾಕು. ತೆಗೆದ್ಬಿಡಿ ಮೇಡಂ,” ಎಂದಳು.

ಆಪರೇಷನ್ ಆಯಿತು. ಗಡ್ಡೆ ಹೋಯಿತು. ಆದರೆ ಊರಿಗೆ ಬಂದ ಕೆಂಪಲಕ್ಷ್ಮಮ್ಮ ಹಾಸಿಗೆಯಿಂದ ಏಳಲಾರದೆ ವಾಂತಿ ಮಾಡಿಕೊಂಡಳು. ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಒಣಗದಂತೆ ಹನಿ ಹಾಕಬೇಕಿತ್ತು. “ಕೊಯ್ಸಿಕೊಂಡೂ ತಲೆ ತಿರುಗ್ತೈತಲ್ಲ. ಮೋಸ ಹೋದ್ವೇನೋ,” ಎಂದು ಗಿಡ್ಡಮ್ಮ ಮಂಜುಳಾಳ ಮುಂದೆ ಕಣ್ಣೀರು ಹಾಕಿದಳು.

“ಜೋಡಿ ತಪ್ಪಿದ ಎತ್ತು ಒಂಟಿಗಾಡಿ ಕಲಿಯೋಕೆ ಟೈಮ್ ಬೇಡ್ವಾ ಅಜ್ಜಿ? ಈಗ ಒಂದೇ ರಸಮಟ್ಟದಲ್ಲಿ ಮಿದುಳು ಕೆಲಸ ಕಲೀಬೇಕು. ಮಲಗೇ ಇದ್ರೆ ಅದು ಕಲಿಯಲ್ಲ. ತಲೆಸುತ್ತಿನ ಗುಳಿಗೇನೂ ಡಾಕ್ಟ್ರು ಹೇಳಿದಷ್ಟು ದಿನ ಮಾತ್ರ. ನಡೆಸ್ಬೇಕು, ಜೊತೇಲಿ ಒಬ್ರು ಇರ್ಬೇಕು.”

ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಗೋಡೆಯ ಮೇಲೆ ಕುಂಕುಮದ ಬೊಟ್ಟು ಇಟ್ಟರು. ಕೆಂಪಲಕ್ಷ್ಮಮ್ಮ ಅದರ ಮೇಲೆ ದೃಷ್ಟಿ ನೆಟ್ಟು, ತಲೆಯನ್ನು ಮೆಲ್ಲಗೆ ಆಚೆ ಈಚೆ ತಿರುಗಿಸುವಳು. ಏಳುವಾಗ ಮೊದಲು ಕೂತು, ಆಮೇಲೆ ನಿಲ್ಲುವಳು. ಹಿತ್ತಲಿಗೆ ಮರಿಯಣ್ಣ ಲೈಟು ಹಾಕಿಸಿದ. ಬೆಳಗ್ಗೆ ಸಂಜೆ ತೋಟದಲ್ಲಿ ನಡಿಗೆ, ಒಂದು ಮರ ಹಿಡಿದು ನಿಂತು, ಬಿಟ್ಟು, ಮುಂದಿನ ಮರಕ್ಕೆ. ಗಿಡ್ಡಮ್ಮ ಮೊಣಕಾಲು ಎಳೆಯುತ್ತಾ ಬಲಗಡೆ ನಡೆಯುವಳು. ಎಡಗಡೆ ನಡೆದರೆ ಬೈದದ್ದು ಸೊಸೆಗೆ ಕೇಳಿಸುವುದಿಲ್ಲವಲ್ಲ!

ದಿನಗಳು ಕಳೆದವು. ಒಂದು ಬೆಳಗ್ಗೆ ಕೆಂಪಲಕ್ಷ್ಮಮ್ಮ ಸಾಲಿನ ನಡುವೆ ನಿಂತುಬಿಟ್ಟಳು. ಮರ ಹಿಡಿದಿರಲಿಲ್ಲ.

“ಅತ್ತೆ, ಮರ ನೋಡಿ.”

“ಏನಾಯ್ತೇ ಮರಕ್ಕೆ?”

“ಏನೂ ಆಗಿಲ್ಲ ಅತ್ತೆ. ನೆಟ್ಟಗೆ ನಿಂತವೆ.”

ಬುಡದಿಂದ ಸುಳಿಯವರೆಗೆ ಒಂದೊಂದು ಮರವನ್ನೂ ಅವಳು ನೋಡಿದಳು. ಹುಟ್ಟಿದಾಗಿನಿಂದ ಕಂಡ ತೆಂಗು. ನೆಟ್ಟಗೆ ನಿಲ್ಲುವುದು ಇಷ್ಟು ದೊಡ್ಡ ಸಂಗತಿಯೆಂದು ಅವಳಿಗೆ ಗೊತ್ತಿರಲಿಲ್ಲ. ಗಿಡ್ಡಮ್ಮನೂ ಕತ್ತೆತ್ತಿ ನೋಡಿದಳು.

ಮುಂದಿನ ವರ್ಷ ಕೊಬ್ಬರಿ ಇಳಿಸುವಾಗ ಏಣಿ ಹತ್ತಿದವನು ಮರಿಯಣ್ಣ. ಕೆಂಪಲಕ್ಷ್ಮಮ್ಮ ನೆಲದ ಮೇಲೆ ಚಾಪೆ ಹಾಸಿ ಕೂತು, ಬಲಗಿವಿಗೆ ಹಿಡಿದು ಕಾಯಿ ಆರಿಸಿದಳು. ನಕ್ಕರೆ ಬಾಯಿ ಒಂದಿಷ್ಟು ಓರೆಯಾಗುತ್ತದೆ. ಆದರೂ ನಗುತ್ತಾಳೆ. ಕಾಯಿ ಆರಿಸಲು ಬಂದಿದ್ದ ನೆರೆಮನೆಯ ಹುಚ್ಚಮ್ಮ ಒಂದೇ ಕಿವಿಗೆ ಹಿಡಿದದ್ದು ಕಂಡು ಗಿಡ್ಡಮ್ಮ ಗದರಿದಳು:

“ಏಯ್, ಇನ್ನೊಂದು ಕಿವಿ ಏನು ಮಾಡಿತ್ತೇ? ಅದಕ್ಕೂ ಹಿಡೀ. ಕಾಯಿ ಬಂದೈತಾ ನೋಡಾಕಲ್ಲ, ಕಿವಿ ಐತಾ ನೋಡಾಕೆ!”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ತಲೆಸುತ್ತೂ ಗಡ್ಡೆಯಲ್ಲ. ಇಂಥ ಗಡ್ಡೆ ಬರುವುದು ಬಹಳ ಅಪರೂಪ, ಹೆದರಬೇಡಿ. ಆದರೆ ಒಂದೇ ಕಿವಿ ಮಂದವಾಗಿ, ಗುಂಯ್‌ಗುಟ್ಟಿ, ನಡಿಗೆ ವಾಲುತ್ತಿದ್ದರೆ ಕಷಾಯದಲ್ಲಿ ದಿನ ಕಳೆಯದೆ ಕಿವಿ ಡಾಕ್ಟರನ್ನು ಕಾಣಿರಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅಂದೇ ಹೊರಡಿ. ದೊಡ್ಡ ಡಾಕ್ಟರ ಮುಂದೆ ನಿಂತಾಗ ಗಿಡ್ಡಮ್ಮನಂತೆ ಬಾಯಿಬಿಟ್ಟು ಕೇಳಿ. ಇವತ್ತು ಅಡುಗೆಗೆ ಕಾಯಿ ಒಡೆಯುವ ಮುಂಚೆ ಒಂದು ಸಲ ಅಲ್ಲಾಡಿಸಿ, ಇನ್ನೊಂದು ಕಿವಿಯನ್ನು ಬೆರಳಿಂದ ಮುಚ್ಚಿ, ಮೊದಲು ಬಲಗಿವಿಗೆ, ಆಮೇಲೆ ಎಡಗಿವಿಗೆ. ಮನೆಯ ಎಲ್ಲರ ಕೈಗೂ ಆ ಕಾಯಿ ಕೊಡಿ.