ಉಪ್ಪಿನ ಕೆರೆಯ ಕಾವಲುಗಾರ

ಅಸುಂತಾ ಶವಾಗಾರದ ಗಾಜಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಆಚೆ ತೆರೆದ ಶವಪೆಟ್ಟಿಗೆಯ ಸುತ್ತ ಹೂವು ಜೋಡಿಸುತ್ತಿದ್ದವನು ತಲೆಯೆತ್ತಿದ.

"ಕಿವಿ ಹಿಂದೆ ಇನ್ನೂ ಉಪ್ಪಿದೆ, ಒರೆಸಪ್ಪ."

ಅವನು ಹೆಣದ ಕಿವಿಯ ಹಿಂದೆ ಒರೆಸಿದ. ಅವಳ ಗಂಡ ಎಲಾಡಿಯೊ ಕಡಲತೀರದ ಊರು ತೊರೆವ್ಯೆಹಾದ ಗುಲಾಬಿ ಬಣ್ಣದ ಉಪ್ಪಿನ ಕೆರೆಗೆ ಕಾವಲುಗಾರ. ಫೋಟೊದ ಆಸೆಗೆ ನೀರಿಗಿಳಿಯುವ ಪ್ರವಾಸಿಗರನ್ನು ಸೀಟಿ ಊದಿ ಹೊರಗಟ್ಟುವುದರಲ್ಲೇ ಅವನ ಆಯುಸ್ಸು ಕಳೆದಿತ್ತು. ಅಂಥವನೇ ನಿನ್ನೆ ಅದೇ ನೀರಿನ ಮೇಲೆ ಹೆಣವಾಗಿ ತೇಲುತ್ತಿದ್ದ. ಹೃದಯ ನಿಂತಿದೆ ಎಂದರು ಡಾಕ್ಟರು. ನೀರಿಗೇಕೆ ಇಳಿದ ಎಂಬುದನ್ನು ಯಾವ ಡಾಕ್ಟರು ಹೇಳಬೇಕು? ಅಸುಂತಾಗೆ ಅಳು ಕೂಡ ಬಂದಿರಲಿಲ್ಲ. ಸಿಡಿಲು ಬಡಿದವಳಂತೆ ಕೂತಿದ್ದಳು.

ನಾದಿನಿ ಕ್ಲೊತಿಲ್ದೆ ಹತ್ತಿರ ಸರಿದಳು. "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಮನೇಲಿ ಏನಾದ್ರೂ ಮಾತು ಬಂದಿತ್ತಾ?"

"ಯಾಕೆ?"

"ಜನ ಆಡ್ಕೋತಿದಾರೆ. ಅಣ್ಣ ಸಾಯೋಕೆ ಅಂತಲೇ ಇಳಿದ ಅಂತ."

"ಆ ಉಪ್ಪುನೀರಲ್ಲಾ? ಮುಳುಗ್ತೀನಿ ಅಂದ್ರೂ ಬಿಡಲ್ಲ ಅದು. ಸಾಯೋ ಹಾಗಿದ್ರೆ ಪಕ್ಕದಲ್ಲೇ ಸಮುದ್ರ ಇರಲಿಲ್ವೇನೇ?"

ಬಾಯಿ ಹಾಗಂದಿತು. ಎದೆ ಮಾತ್ರ ಒಪ್ಪಲಿಲ್ಲ.

*

ನಿನ್ನೆ ಬೆಳಿಗ್ಗೆ ಬ್ರೆಡ್ಡಿಗೆ ಟೊಮೇಟೊ ಉಜ್ಜುತ್ತ ಅವನು ಕೇಳಿದ್ದ. "ಇವತ್ತೇ ಕೆಲಸದ ಕಡೇ ದಿನ ಕಣೇ. ನಾಳೆಯಿಂದ ಏನು ಮಾಡ್ಲಿ ನಾನು?"

"ನನ್ನ ತಲೆ ತಿನ್ನು. ಬಂದವರ ಸಂತೋಷಕ್ಕೆಲ್ಲ ಕಲ್ಲು ಹಾಕಿದ್ದಾಯ್ತು, ಇನ್ನು ನನ್ನದೊಂದೇ ಬಾಕಿ."

ತಮಾಷೆಗೇ ಅಂದಿದ್ದಳು. ಅವನು ನಗಲಿಲ್ಲ. ತಿಂಡಿ ಅರ್ಧಕ್ಕೆ ಬಿಟ್ಟು ಎದ್ದು ಹೋದ.

*

ಪೆಟ್ಟಿಗೆ ಎತ್ತುವ ಹೊತ್ತಿಗೆ ಬಿಸಿಲಿಗೆ ಮೂಗು ಕೆಂಪಾದ ಪರದೇಶಿ ಹುಡುಗಿಯೊಬ್ಬಳು ಫೋನು ಹಿಡಿದು ಒಳಬಂದಳು. ಅವಳಿಗೆ ಇಲ್ಲಿನ ಮಾತು ಅಷ್ಟಕ್ಕಷ್ಟೆ.

"ಕ್ಷಮಿಸಿ. ನಿನ್ನೆ ಕೆರೆ... ನಾವು ಫೋಟೊ. ಹಿಂದೆ ಇವರು. ಆಗ ಜೀವ ಇತ್ತಾ, ಇಲ್ವಾ? ನನಗೆ ನಿದ್ದೆ ಇಲ್ಲ."

"ಹೆಣದ ಮುಂದೆ ಫೋಟೊ ತೋರಿಸ್ತೀಯಲ್ಲ, ನಡಿಯಮ್ಮ ಆಚೆ," ಎಂದಳು ಕ್ಲೊತಿಲ್ದೆ.

ಅಸುಂತಾ ಫೋನು ಕಿತ್ತುಕೊಂಡಳು. ಮುಂದೆ ಇಬ್ಬರು ಹುಡುಗಿಯರು ಹಲ್ಲು ಬಿಟ್ಟು ನಿಂತಿದ್ದರು. ಅವರ ಹಿಂದೆ ಎಲಾಡಿಯೊ ಹೊಟ್ಟೆ ಮೇಲೆ ಮಾಡಿ ತೇಲುತ್ತ, ಎರಡೂ ಕಾಲಿಂದ ಗುಲಾಬಿ ನೀರನ್ನು ಆಕಾಶಕ್ಕೆ ಒದೆಯುತ್ತಿದ್ದ. ಬಾಯಿ ಅಗಲವಾಗಿ ತೆರೆದಿತ್ತು. ನಗುತ್ತಿದ್ದ.

"ಜೀವ ಇತ್ತು," ಎಂದಳು ಅಸುಂತಾ. ನಿನ್ನೆಯಿಂದ ಬಾರದ ಅಳು ಈಗ ಬಂತು. "ತುಂಬಾ ಇತ್ತು. ನೀನು ಹೋಗಿ ಮಲಕ್ಕೋ ಮಗಳೇ."

ಫೋನು ಹಿಂದಿರುಗಿಸುವ ಮುನ್ನ ಚಿತ್ರವನ್ನು ಬೆರಳಿಂದ ಹಿಗ್ಗಿಸಿ ನೋಡಿದಳು. ದಡದಲ್ಲಿ ನೀರಿಗಿಳಿಯಬಾರದೆಂಬ ಫಲಕವಿತ್ತು. ಅದರ ಒಂದಕ್ಷರವೂ ಕಾಣದ ಹಾಗೆ ಅವನು ತನ್ನ ಸಮವಸ್ತ್ರದ ಅಂಗಿಯನ್ನು ಅದಕ್ಕೆ ತೊಡಿಸಿ, ಕತ್ತಿನವರೆಗೂ ಗುಂಡಿ ಹಾಕಿದ್ದ.