ಕೊನೆಯ ಪದರ

ಯಾರೋ ಬಾಗಿಲು ಹಾಕಿದರು, ತಟ್ಟೆಯ ಬೆಚ್ಚನೆಯ ನೀರು ಒಮ್ಮೆ ನಡುಗಿ ಸುಮ್ಮನಾಯಿತು, ಅದರ ಮೇಲೆ ಅಕ್ಕ ತೇಲುತ್ತಿದ್ದಾಳೆ — ಅಕ್ಕನಲ್ಲ, ಅವಳ ಗೆಡ್ಡೆಯ ಕೊನೆಯ ಪದರ, ಉಗುರಿನಷ್ಟೂ ಅಗಲವಿಲ್ಲ, ಉಸಿರು ತಾಗಿದರೆ ಮಡಚಿಕೊಳ್ಳುತ್ತದೆ, ಇಪ್ಪತ್ತೆರಡು ವರ್ಷ ಈ ಲ್ಯಾಬಿನಲ್ಲಿ ರೋಗಿಗಳ ತುಣುಕು ಕೂರಿಸಿದ ಮೇಣದ ಅಚ್ಚನ್ನು ಪದರ ಪದರವಾಗಿ ಕೊಯ್ದ ನನಗೆ ಉಸಿರು ಹಿಡಿಯುವುದು ರೂಢಿ, ಅದನ್ನು ಕಲಿಸಿದವಳೂ ಅಕ್ಕನೇ, ಚಿಕ್ಕಂದಿನಲ್ಲಿ, ಈಜುಕೊಳದಲ್ಲಿ, ಮೈ ಸಡಿಲ ಬಿಡೇ, ಕಲ್ಲಿನ ಹಾಗೆ ಬಿಗಿದುಕೊಂಡ್ರೆ ಮುಳುಗ್ತೀಯ, ನಾನು ಹಿಡ್ಕೊಂಡಿದ್ದೀನಲ್ಲ, ಬೆನ್ನಿನ ಕೆಳಗೆ ಅವಳ ಅಂಗೈ, ಕಿವಿಯಲ್ಲಿ ನೀರಿನ ಗುಂಯ್, ಮೇಲೆ ಗಾಜಿನ ಸೂರು ತೇಲುತ್ತಿತ್ತೋ ನಾನೋ — ಕ್ಯಾನ್ಸರ್ ಕಿಡ್ನಿಯಿಂದ ಶ್ವಾಸಕೋಶಕ್ಕೂ ಹೋಗಿದೆ ಎಂದರು ಡಾಕ್ಟರು, ಇಮ್ಯುನೋಥೆರಪಿ ಕೊಡಬಹುದು, ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸೋ ಔಷಧಿ, ಎಲ್ಲರಿಗೂ ಹತ್ತಲ್ಲ, ಯಾರಿಗೆ ಹತ್ತುತ್ತೆ ಅಂತ ಹೇಳೋ ಕೆಲವು ಗುರುತು ಗೆಡ್ಡೆಯಲ್ಲೇ ಇರುತ್ವೆ, ಪದರಕ್ಕೆ ಬಣ್ಣ ಹಾಕಿ ನೋಡೋಣ, ಗುರುತಿದ್ರೂ ಖಾತ್ರಿ ಇಲ್ಲ, ಇಲ್ಲದಿದ್ರೂ ಆಸೆ ಬಿಡಬೇಕಾಗಿಲ್ಲ, ಹಾಗಾದ್ರೆ ಹವಾಮಾನ ವರದಿ ಅನ್ನಿ ಡಾಕ್ಟ್ರೇ, ಛತ್ರಿ ಹಿಡ್ಕೊಂಡೇ ಹೋಗೋಣ, ಅಕ್ಕ ನಕ್ಕಳು, ಡಾಕ್ಟರೂ ನಕ್ಕರು, ನನಗೆ ನಗು ಬರಲಿಲ್ಲ.

ಬರುವುದಾದರೂ ಹೇಗೆ, ಅವಳ ಗೆಡ್ಡೆಯಿಂದ ಸೂಜಿ ಚುಚ್ಚಿ ತೆಗೆದ ದಾರದಂಥ ತುಣುಕು ಅದು, ಮೊದಲ ದಿನ ಮೇಣದಲ್ಲಿ ಕೂತು ಬಂದಾಗ ನಾನು ನೋಡಿದ್ದು ಬರೀ ನಂಬರು, ಯಾರದೋ ಅಂದುಕೊಂಡು, ಪದರ ಚೆಂದ ಬರಲಿ ಎಂದು ಮೇಲಿನದನ್ನೆಲ್ಲ ಸರಸರ ಹೆರೆದು ಎಸೆದೆ, ಎಸೆದದ್ದೆಲ್ಲ ಅಕ್ಕ, ಬಣ್ಣದ ಪರೀಕ್ಷೆಗೆ ಉಳಿದದ್ದು ಎಳೆಯಷ್ಟು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರೆ, ನನಗೆ ಚೀಟಿಯಲ್ಲಿ ಅಕ್ಕನ ಹೆಸರು ಓದಿದ ಮೇಲೆ ಬಂತು, ಯಾರದೋ ಆಗಿದ್ದರೆ ಬರುತ್ತಲೇ ಇರಲಿಲ್ಲ, ನಾಚಿಕೆ ಅದಕ್ಕೇ, ಅವಳ ಮುಂದೆ ಅತ್ತು ಹೇಳಿದೆ, ಅಳಬೇಡ್ವೇ ಪೆದ್ದಿ, ಇನ್ನೊಂದು ಸೂಜಿ ಮಾತ್ರ ಬೇಡ, ಹೋದ ಸಲ ಉಸಿರೇ ಸಿಕ್ಕಲಿಲ್ಲ, ಉಳಿದಿರೋದರಲ್ಲೇ ನೋಡು, ನೀನೇ ಕೊಯ್ಯಿ, ಬೇರೆಯವರ ಕೈಗೆ ಕೊಡಬೇಡ — ಕೊಯ್ದೆ, ಅಚ್ಚಿನಲ್ಲಿ ಇನ್ನು ಮೇಣ ಬಿಟ್ಟು ಏನೂ ಇಲ್ಲ, ಇದೊಂದೇ, ಗಾಜಿನ ಸ್ಲೈಡನ್ನು ಓರೆಯಾಗಿ ನೀರಿಗಿಳಿಸಿದ್ದೇನೆ, ಪದರದ ಕೆಳಗೆ ಬಂದಿದೆ, ಇನ್ನೂ ಮುಟ್ಟಿಲ್ಲ, ಅಂಚಿನಲ್ಲೊಂದು ಸುಕ್ಕು, ತಾನಾಗಿ ಬಿಚ್ಚಿಕೊಳ್ಳುತ್ತಿದೆ, ಬಿಚ್ಚಿಕೊಳ್ಳಲಿ, ಎತ್ತಬೇಕು, ಈಗ — ಅವತ್ತು ಕೊಳದಲ್ಲಿ ಹಿಡ್ಕೊಂಡಿದ್ದೀನಿ ಅನ್ನುತ್ತಲೇ ಕೈ ತೆಗೆದಿದ್ದಳು, ದಡದಿಂದ ಕೂಗಿದಾಗಲೇ ನನಗೆ ಗೊತ್ತಾದದ್ದು, ತೇಲ್ತಿದ್ದೀಯ ನೋಡೇ, ಅಕ್ಕ, ನನಗೆ ಹಾಗೆ ಕೈ ತೆಗೆಯೋಕೆ ಬರಲ್ಲ, ಮೈ ಸಡಿಲ ಬಿಡು, ಈ ಸಲ ನಾನು ಹಿಡ್ಕೊಂಡಿದ್ದೀನಿ, ನೀರು, ಬೆನ್ನು, ಬೆನ್ನಿನ ಕೆಳಗೆ ನನ್ನ ಅಂಗೈ