ತಟಾಕ ಚಂದ್ರಿಕೆ, ಕರ್ತೃ ಅಜ್ಞಾತ

ಮೈಸೂರಿನಲ್ಲಿ ಯೂನಿವರ್ಸಿಟಿ ಹುಟ್ಟಿ ಏಳು ವರ್ಷವಾಗಿತ್ತು. ಅದರ ಪುಸ್ತಕ ಭಂಡಾರದಲ್ಲಿ ಇಂಗ್ಲೆಂಡಿನ ಚರ್ಚುಗಳ ಚರಿತ್ರೆಗೆ ಎರಡು ಬೀರು ಮೀಸಲಾಗಿದ್ದವು, ಕಡೂರು ಸೀಮೆಯ ಹೆಸರಿನಲ್ಲಿ ಒಂದು ಕಾರ್ಡೂ ಇರಲಿಲ್ಲ. ಪುಸ್ತಕ ತರಿಸುವುದು, ಬಂದದ್ದಕ್ಕೆ ನಂಬರು ಕೊಡುವುದು, ಕಾರ್ಡು ಬರೆಸಿ ಕ್ಯಾಟಲಾಗು ಮಾಡುವುದು, ಈ ಮೂರಕ್ಕೂ ನಾನು ಮುಖ್ಯಸ್ಥ. ಕೈಕೆಳಗೆ ಇಬ್ಬರು ಗುಮಾಸ್ತರು ಮತ್ತು ಒಂದು ಅಂಟಿನ ಡಬ್ಬಿ. ಡಬ್ಬಿ ಹೇಳಿದ ಮಾತು ಕೇಳುತ್ತಿತ್ತು.

ಓಲೆಗ್ರಂಥಗಳ ಕ್ಯಾಟಲಾಗಿನ ಮೊದಲ ಸಂಪುಟಕ್ಕಾಗಿ ನಾನೇ ಒಂದು ನಮೂನೆ ತಯಾರಿಸಿದ್ದೆ. ಗ್ರಂಥದ ಹೆಸರು, ಕರ್ತೃ, ಗರಿಗಳ ಸಂಖ್ಯೆ, ಮೊದಲ ಸಾಲು, ಕೊನೆಯ ಸಾಲು, ಯಾರ ಮನೆಯಲ್ಲಿದೆ. ಅದನ್ನು ಅಮಲ್ದಾರರ ಮೂಲಕ ಹಳ್ಳಿ ಹಳ್ಳಿಯ ಸ್ಕೂಲ್ ಮೇಷ್ಟರಿಗೆ ಕಳಿಸಿದೆ. ಕೆಳಗೆ ಒಂದು ಸಾಲು ಸೇರಿಸಿದೆ: ‘ಸೊನ್ನೆ ವರದಿಯನ್ನು ಮೇಷ್ಟರ ಅಸಡ್ಡೆಯೆಂದು ಭಾವಿಸಲಾಗುವುದು.’ ಬರೆದಾಗ ಬಹಳ ಗಟ್ಟಿಯಾದ ಸಾಲೆನಿಸಿತ್ತು.

ನಮೂನೆಗಳು ಬಂದವು. ತರೀಕೆರೆ ಕಡೆಯ ಒಬ್ಬ ಮೇಷ್ಟರು ತಮ್ಮ ಸ್ಕೂಲಿನ ಪಾಠಪುಸ್ತಕಗಳ ಪಟ್ಟಿಯನ್ನೇ ಕಳಿಸಿದ್ದರು. ಅಜ್ಜಂಪುರದ ಪಕ್ಕದ ಊರಿನಿಂದ ‘ಇಲ್ಲಿ ಗ್ರಂಥವಿಲ್ಲ, ಗೆದ್ದಲು ಸಮೃದ್ಧವಾಗಿದೆ’ ಎಂದು ಬಂತು. ಬುಕ್ಕಾಂಬುಧಿಯ ಮೇಷ್ಟರು, ಒಂದು ಗ್ರಂಥವಿದ್ದದ್ದು ನಿಜವೆಂದೂ, ಅದನ್ನು ಹೋದ ವರ್ಷ ಮೇಕೆ ತಿಂದಿತೆಂದೂ, ಮೇಕೆ ಆರೋಗ್ಯವಾಗಿದ್ದು ಬೇಕಾದರೆ ಕಳಿಸಿಕೊಡಬಹುದೆಂದೂ ಬರೆದಿದ್ದರು.

ಪಂಚನಹಳ್ಳಿಯಿಂದ ಒಂಬತ್ತು ಗ್ರಂಥಗಳು ಬಂದವು, ಮುತ್ತಿನಂಥ ಅಕ್ಷರದಲ್ಲಿ. ಎಂಟನ್ನು ಮುಂದಿನ ಸಂಪುಟಕ್ಕೆ ಎತ್ತಿಟ್ಟೆ. ಒಂಬತ್ತನೆಯದು ತಟಾಕ ಚಂದ್ರಿಕೆ. ವಿಷಯ: ಕೆರೆ ಕಟ್ಟುವ ವಿದ್ಯೆ. ಕರ್ತೃ: ಅಜ್ಞಾತ. ಗರಿ: ನೂರ ಇಪ್ಪತ್ತು. ಮೊದಲ ಸಾಲು:

ನೀರ ಕಾಣದ ನಾಡಿನವ ನಾ ನೀರ ಶಾಸ್ತ್ರವ ಪೇಳುವೆ

ಕೊನೆಯ ಸಾಲು:

ಇಂತು ಪೇಳಲು ಕೆರೆಯು ತುಂಬಿತು ಪೇಳಿದವ ಬಾಯಾರಿದ

ಈ ಎರಡು ಸಾಲು ಓದಿದ ದಿನ ನಾನು ಬೇರೆ ಕಾರ್ಡು ಮುಟ್ಟಲಿಲ್ಲ. ನಡುವೆ ಏನೆಲ್ಲ ನಡೆದಿರಬಹುದು ಎಂದು ಕಿಟಕಿ ನೋಡುತ್ತ ಕೂತೆ. ಕ್ಯಾಟಲಾಗಿಗೆ ಮುನ್ನುಡಿ ಬರೆಯುತ್ತಿದ್ದ ಶಾಸ್ತ್ರಿಗಳು ಸುಮ್ಮನೆ ಕೂರುವವರಲ್ಲ. ಗ್ರಂಥವು ಐನೂರು ವರ್ಷಕ್ಕಿಂತ ಈಚಿನದಲ್ಲವೆಂದು ಹದಿನೆಂಟು ಪುಟ ಬರೆದು ಅಚ್ಚಿಗೆ ಕೊಟ್ಟರು. ಆದರೆ ನನ್ನದೊಂದು ನಿಯಮವಿತ್ತು. ಭಂಡಾರದವರೊಬ್ಬರು ಕಣ್ಣಾರೆ ನೋಡಿ, ಪ್ರೂಫಿನ ಅಂಚಿನಲ್ಲಿ ‘ಕಂಡಿದ್ದೇನೆ’ ಎಂದು ಸಹಿ ಹಾಕದ ಗ್ರಂಥ ಅಚ್ಚಾಗಕೂಡದು. ಹಾಗಾಗಿ ಶಾಸ್ತ್ರಿಗಳೂ ನಾನೂ ರೈಲಿನಲ್ಲಿ ಕಡೂರಿಗೆ ಬಂದಿಳಿದೆವು. ಗಾಡಿಯ ಕುಲುಕಾಟ ತಮ್ಮ ಸೊಂಟಕ್ಕೆ ಆಗದೆಂದು ಅವರು ಮುಸಾಫರ್ ಬಂಗಲೆಯಲ್ಲಿ ಉಳಿದರು. ನಾನು ಖಾಸಿಂ ಸಾಬರ ಜಟಕಾ ಹತ್ತಿದೆ.

“ಪುಸ್ತಕ ತರಾಕೆ ಪಂಚನಹಳ್ಳಿಗಾ?” ಎಂದರು ಖಾಸಿಂ ಸಾಬ್. “ನಾನು ಮೂವತ್ತು ವರ್ಷದಿಂದ ಆ ದಾರೀಲಿ ಗಾಡಿ ಹೊಡೀತೀನಿ. ಕೊಬ್ಬರಿ ತಂದಿದೀನಿ, ಕಂಬಳಿ ತಂದಿದೀನಿ, ಒಂದ್ಸಲ ಹುಡುಗಿ ನೋಡಾಕೆ ಹೋದೋರ್ನ ಹಂಗೇ ವಾಪಸ್ ತಂದಿದೀನಿ. ಪುಸ್ತಕ ಇದೇ ಮೊದ್ಲು.”

ಯಗಟಿಯಲ್ಲಿ ಕುದುರೆಗೆ ಹುಲ್ಲು, ನಮಗೆ ಮುದ್ದೆ. ಪಂಚನಹಳ್ಳಿ ಸೇರಿದಾಗ ಇಳಿಹೊತ್ತು. ಮೇಷ್ಟರು ಹೊನ್ನಯ್ಯ ಜಗಲಿಯ ಮೇಲೆ ಸ್ಲೇಟುಗಳನ್ನು ಒರೆಸುತ್ತಿದ್ದರು. ನಲವತ್ತರ ಬಡಕಲು ಮನುಷ್ಯ. ನಾನು ಯಾರೆಂದು ಹೇಳಿದ ಕೂಡಲೇ ಕೈಯಲ್ಲಿದ್ದ ಸ್ಲೇಟನ್ನು ಮೂರು ಸಲ ಒರೆಸಿದರು.

“ಯಾವ ಗ್ರಂಥ ಸ್ವಾಮಿ?”

“ತಟಾಕ ಚಂದ್ರಿಕೆ. ನೂರ ಇಪ್ಪತ್ತು ಗರಿ. ಪಟೇಲ ಕೆಂಚಪ್ಪನವರ ಮನೆಯಲ್ಲಿದೆ ಅಂತ ಬರೆದಿದ್ದೀರಿ.”

ಒಳಗಿನಿಂದ ಅವರ ಹೆಂಡತಿ ಲಿಂಗಮ್ಮನ ದನಿ ಬಂತು. “ಕೆಂಚಪ್ಪನ ಮನೇಲಿ ಗರಿ ಅವೆ ಕಣ್ರೀ. ತೆಂಗಿನ ಗರಿ. ಕೊಟ್ಟಿಗೆಗೆ ಹೊದ್ಸವ್ರೆ.”

ಹೊನ್ನಯ್ಯ ಸ್ಲೇಟು ಕೆಳಗಿಟ್ಟರು. “ಅದಿಲ್ಲ ಸ್ವಾಮಿ.”

“ಇಲ್ಲ ಅಂದರೆ? ಮಾರಿದರೇ?”

“ಹುಟ್ಟೇ ಇಲ್ಲ.”

ಖಾಸಿಂ ಸಾಬರು ಕುದುರೆಯ ಲಗಾಮು ಬಿಚ್ಚುವುದನ್ನು ನಿಲ್ಲಿಸಿ ನಮ್ಮ ಕಡೆ ತಿರುಗಿದರು.

“ಮೂರು ತಿಂಗ್ಳು ಮನೆ ಮನೆ ತಿರುಗ್ದೆ,” ಎಂದರು ಹೊನ್ನಯ್ಯ. “ಒಂದೇ ಕಡೆ ಒಂದು ಕಟ್ಟು ಸಿಕ್ತು. ರಾಗಿ ಕಣಜ ಅಲ್ಲಾಡ್ದೇ ಇರ್ಲಿ ಅಂತ ಕೆಳಗೆ ಕೊಟ್ಟಿದ್ರು. ಎತ್ತಿದ್ರೆ ಪುಡಿ. ನಿಮ್ಮ ಕಾಗದ ನೋಡಿದ್ರೆ, ಸೊನ್ನೆ ಬರೆದ್ರೆ ಅಸಡ್ಡೆ ಅಂತ. ಅದ್ನ ಯಾವ ಪುಣ್ಯಾತ್ಮ ಬರ್ದನೋ.”

ನಾನು ಕೋಟಿನ ಧೂಳು ಕೊಡವಿಕೊಂಡೆ.

“ಇದೊಂದು ಸ್ಕೂಲ್ ಬಿಟ್ರೆ ನಮ್ಗೆ ಒಂದು ಗೇಣು ಹೊಲ ಇಲ್ಲ. ಅದಕ್ಕೆ ಹೆಸ್ರು ಬರ್ದೆ, ಮೊದ್ಲ ಸಾಲು ಬರ್ದೆ, ಕೊನೇ ಸಾಲು ಬರ್ದೆ.”

“ಮಧ್ಯದ್ದು?”

“ಮಧ್ಯಕ್ಕೆ ನಿಮ್ಮ ನಮೂನೇಲಿ ಅಂಕಣನೇ ಇರ್ಲಿಲ್ವಲ್ಲ ಸ್ವಾಮಿ.”

ನಿಜವೇ. ಇರಲಿಲ್ಲ.

ಲಿಂಗಮ್ಮ ನೀರು ಬೆಲ್ಲ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. “ಒಂಬತ್ತು ಯಾಕ್ ಬರೀಬೇಕಿತ್ತು ಕೇಳಿ. ಒಂದು ಸುಳ್ಳು ಹೇಳು ಅಂದ್ರೆ ಒಂಬತ್ತು ಹೇಳೋ ಜಾತಿ. ದಿನಾ ಸಂಜೆ ಅದೇ ಕೆಲ್ಸ. ಸಾರು ತಣ್ಣಗಾದ್ರೂ ಕೊನೇ ಸಾಲು ಬರಬೇಕು ಇವ್ರಿಗೆ.”

“ಗೆದ್ದಲು ತಿಂತು ಅಂತ ಬರ್ಕೊಂಡು ಹೋಗಿ ಸ್ವಾಮಿ,” ಎಂದರು ಖಾಸಿಂ ಸಾಬ್. “ಗೆದ್ದಲು ಕೋರ್ಟಿಗೆ ಬಂದು ಇಲ್ಲ ಅನ್ನಾಕಿಲ್ಲ.”

ಸುಲಭವಿತ್ತು. ಆದರೆ ಗೆದ್ದಲು ತಿನ್ನಬೇಕಾದರೂ ಗ್ರಂಥ ಒಮ್ಮೆ ಇದ್ದಿರಬೇಕು. ಅದನ್ನು ಕಂಡಿದ್ದೇನೆಂದು ನಾನು ಸಹಿ ಹಾಕಬೇಕು. ಸಹಿ ಹಾಕದೆ ನಿಜ ಹೇಳಿದರೆ ಶಾಸ್ತ್ರಿಗಳು ಹದಿನೆಂಟು ಪುಟದ ಸಿಟ್ಟನ್ನೆಲ್ಲ ಒಂದೇ ಕಾಗದದಲ್ಲಿ ಸ್ಕೂಲ್ ಇನ್ಸ್‌ಪೆಕ್ಟರಿಗೆ ಬರೆಯುತ್ತಾರೆ, ಹೊನ್ನಯ್ಯನ ಕೆಲಸ ಹೋಗುತ್ತದೆ. ಅದೂ ನನ್ನದೊಂದು ಸಾಲಿನಿಂದ. ನಾನು ಇದನ್ನೇ ಯೋಚಿಸುತ್ತ ಎಷ್ಟು ಹೊತ್ತು ಕೂತೆನೋ, ಲಿಂಗಮ್ಮ ಗಂಡನಿಗೆ “ಇವ್ರಿಗೆ ಹುಷಾರಿಲ್ವಾ?” ಎಂದು ಕೇಳಿದ್ದು ಕೇಳಿಸಿತು.

ಕೊನೆಗೆ ಹೇಳಿದೆ. “ನೀವೇ ನನ್ನ ಜೊತೆ ಬನ್ನಿ. ನಿಜ ಹೇಳಿ, ತಪ್ಪಾಯಿತು ಅನ್ನಿ. ಆ ಸೊನ್ನೆಯ ಸಾಲು ನನ್ನದು ಅಂತ ನಾನೂ ಹೇಳುತ್ತೇನೆ. ಸದ್ದಿಲ್ಲದೆ ಒಂದು ನಮೂದು ತೆಗೆದುಬಿಡಿ ಅಂತ ಕೇಳೋಣ.”

“ಓ, ಆ ಪುಣ್ಯಾತ್ಮ ನೀವೇನಾ,” ಎಂದರು ಲಿಂಗಮ್ಮ. “ನಾನೂ ಬತ್ತೀನಿ. ಕೆಲ್ಸ ತೆಗೆಯೋರ ಮುಖ ನೋಡ್ಬೇಕು.”

ಮರುದಿನ ಗಾಡಿಯಲ್ಲಿ ಉದ್ದಕ್ಕೂ ಆಕೆ ಗಂಡನಿಗೆ ಒಂದೇ ಪಾಠ ಹೇಳಿಕೊಟ್ಟರು. “ತಪ್ಪಾಯ್ತು ಅನ್ನಿ. ಆಮೇಲೆ ಬಾಯಿ ಮುಚ್ಕೊಳಿ. ಅವ್ರು ಏನಾದ್ರೂ ಅನ್ಲಿ, ಬಾಯಿ ಬಿಡ್ಬೇಡಿ.” ಹೊನ್ನಯ್ಯ ಆಗಲೇ ಅಭ್ಯಾಸ ಶುರುಮಾಡಿದವರಂತೆ ತಲೆಯಾಡಿಸುತ್ತಿದ್ದರು.

ಬಂಗಲೆಯಲ್ಲಿ ಶಾಸ್ತ್ರಿಗಳು ಕಾಫಿ ಮುಗಿಸಿ, ಪ್ರೂಫಿನ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಆರಾಮ ಕುರ್ಚಿಯಲ್ಲಿ ಮಲಗಿದ್ದರು. ನಾನು ಎಲ್ಲವನ್ನೂ ಹೇಳಿದೆ. ಹೊನ್ನಯ್ಯ ತಪ್ಪಾಯಿತು ಎಂದರು. ಶಾಸ್ತ್ರಿಗಳು ಅವರನ್ನು ಅಂಗಾಲಿನಿಂದ ನೆತ್ತಿಯವರೆಗೆ ನೋಡಿ ನಕ್ಕರು.

“ನಂಜುಂಡಪ್ಪನವರೇ, ನೀವು ಓದಿದವರು. ಈ ಪದ್ಯ ಇವನು ಬರೆದದ್ದು ಅಂತ ನಂಬಿಬಿಟ್ಟಿರಾ?”

“ಅವರೇ ಹೇಳುತ್ತಿದ್ದಾರಲ್ಲ.”

“ಹೇಳುತ್ತಾನೆ, ಯಾಕೆ ಹೇಳಲ್ಲ? ಒಂದು ಮಾತ್ರೆ ಹೆಚ್ಚುಕಡಿಮೆ ಇಲ್ಲ. ‘ಪೇಳಿದವ ಬಾಯಾರಿದ.’ ಇದು ರಾಜಾಶ್ರಯ ಕಂಡು ಬೇಸತ್ತ ಮಹಾಕವಿಯ ಮಾತು. ಪಂಚನಹಳ್ಳಿಯಲ್ಲಿ ಹಾಜರಿ ಕೂಗೋನಿಗೆ ಇದು ಬರುತ್ತದೆಯೇ? ಓಲೆ ಇವನ ಹತ್ತಿರವೇ ಇದೆ. ಕೊಡಲು ಮನಸ್ಸಿಲ್ಲ, ಅದಕ್ಕೆ ಈ ಕತೆ. ಇವತ್ತೇ ಅಮಲ್ದಾರರಿಗೆ ಬರೆದು ಇವನ ಮನೆ ಶೋಧಿಸಬೇಕು.”

“ಶೋಧ್ಸಿ,” ಎಂದರು ಬಾಗಿಲಾಚೆಯಿಂದ ಲಿಂಗಮ್ಮ. “ಹೋದ ವರ್ಷ ಕಳೆದೋದ ಸೌಟು ಸಿಕ್ರೆ ಹೇಳಿ.”

ಹೊನ್ನಯ್ಯ ಬಾಯಿ ಬಿಡಲಿಲ್ಲ. ಬರೆದೆ ಎಂದರೆ ಕೆಲಸ ಕಳೆದುಕೊಳ್ಳುತ್ತೇನೆಂದು ಹೆದರಿ ಬಂದ ಮನುಷ್ಯ ಈಗ ಬರೆಯಲಿಲ್ಲವೆಂದು ಕಳ್ಳನಾಗಿದ್ದ. ಕಣ್ಣು ನೆಲ ಬಿಟ್ಟು ಏಳಲಿಲ್ಲ. ಶಾಸ್ತ್ರಿಗಳು ಆ ಮೌನವನ್ನು ಒಪ್ಪಿಗೆಯೆಂದು ತಿಳಿದು ಹಿಗ್ಗಿದರು.

“ಓಲೆ ಸಿಗುವ ಮುಂಚೆಯೇ ಎರಡನೇ ಸಾಲನ್ನು ನಾನು ಊಹಿಸಿದ್ದೇನೆ. ಮುನ್ನುಡಿಯಲ್ಲಿ ಕೊಟ್ಟಿದ್ದೇನೆ. ಕೇಳಿ,” ಎಂದು ಪ್ರೂಫು ಎತ್ತಿ ರಾಗವಾಗಿ ಓದಿದರು.

ಸಾರ ತತ್ತ್ವವನೆಲ್ಲ ಶೋಧಿಸಿ ಸಾರಿ ಸಾರಿಯೆ ಸಾರುವೆ

ಹೊನ್ನಯ್ಯನ ಮುಖ ನೋಡಿದೆ. ಊಟದಲ್ಲಿ ಕಲ್ಲು ಕಡಿದವರ ಹಾಗಿತ್ತು. ಶಾಸ್ತ್ರಿಗಳು ಇನ್ನೊಮ್ಮೆ ಓದಿದರು. ಮೂರನೇ ಸಲಕ್ಕೆ ಬಾಯಿ ತೆರೆದಾಗ ಹೊನ್ನಯ್ಯ ಕೈ ಅಡ್ಡ ಮಾಡಿದರು.

“ಬೇಡಿ ಸ್ವಾಮಿ. ಅದು ಹಂಗಲ್ಲ.”

“ರೀ,” ಎಂದರು ಲಿಂಗಮ್ಮ.

“ಸುಮ್ಕಿರೇ. ಏನಾದ್ರೂ ಆಗ್ಲಿ, ಇದ್ನ ಮಾತ್ರ ಕೇಳಕ್ಕಾಗಲ್ಲ.” ಹೊನ್ನಯ್ಯ ನೆಲ ನೋಡುತ್ತಲೇ, ಮಗ್ಗಿ ಒಪ್ಪಿಸುವ ದನಿಯಲ್ಲಿ ಹೇಳಿದರು.

ಊರ ಬಾವಿಯ ಹಗ್ಗ ಸವೆಯಿತು ಕೊಡವು ನೀರನು ಮುಟ್ಟದೆ

ಹೊರಗೆ ಕುದುರೆ ಮೈ ಕೊಡವಿಕೊಂಡದ್ದು ಕೇಳಿಸಿತು. ಮುಗಿಯಿತು, ಈ ಮನುಷ್ಯ ತನ್ನ ಕೆಲಸವನ್ನು ತಾನೇ ಕಳೆದುಕೊಂಡ, ಇನ್ನು ಶಾಸ್ತ್ರಿಗಳೂ ನಂಬದೆ ವಿಧಿಯಿಲ್ಲ ಎಂದುಕೊಂಡೆ.

ಶಾಸ್ತ್ರಿಗಳು ಕುರ್ಚಿಯಿಂದ ಎದ್ದೇ ಬಿಟ್ಟರು. “ನೋಡಿದಿರಾ, ನೋಡಿದಿರಾ. ಇವನಿಗೆ ಇಡೀ ಗ್ರಂಥ ಬಾಯಿಪಾಠ ಇದೆ.”

“ಶಾಸ್ತ್ರಿಗಳೇ, ಈಗ ತಾನೇ ಅವರು ಕಟ್ಟಿದರು. ‘ಸವೆಯಿತು’ ಅನ್ನುವುದು ಐನೂರು ವರ್ಷದ ಹಿಂದಿನ ಕನ್ನಡವೇ?”

“ಲಿಪಿಕಾರರ ತಪ್ಪು. ಬಾಯಿಂದ ಬಾಯಿಗೆ ಬರುವಾಗ ಸವೆದಿದೆ.” ಅವರಿಗೆ ನನ್ನ ಮೇಲೆ ಕರುಣೆಯೇ ಬಂತು. “ಓಲೆ ಹಾಳಾಗಿರಬೇಕು, ಪಾಪ, ಹೇಳಲು ಹೆದರಿಕೊಂಡಿದ್ದಾನೆ. ಚಿಂತೆಯಿಲ್ಲ. ಹೇಳಿಸಿ ಬರೆದುಕೊಂಡರಾಯಿತು. ಏನಯ್ಯಾ, ಬೇಸಿಗೆ ರಜದಲ್ಲಿ ಮೈಸೂರಿಗೆ ಬಾ. ಇಂಥ ಗ್ರಂಥವನ್ನು ಎದೆಯಲ್ಲಿಟ್ಟುಕೊಂಡವನ ಸ್ಕೂಲಿಗೆ ಯಾರೂ ಕೈಹಾಕದ ಹಾಗೆ ಇನ್ಸ್‌ಪೆಕ್ಟರಿಗೆ ನಾನೇ ಬರೆಯುತ್ತೇನೆ. ನಂಜುಂಡಪ್ಪನವರೇ, ಸಹಿ ಹಾಕಿ. ಇನ್ನೇನು ಕಾಣಬೇಕು ನಿಮಗೆ?”

ತಮ್ಮ ಹಳೆಯ ಸಾಲನ್ನು ಹೊಡೆದುಹಾಕಿ ಹೊಸದನ್ನು ಗುರುತು ಹಾಕಿಕೊಂಡು, ಪ್ರೂಫನ್ನು ನನ್ನ ಕೈಗೆ ಕೊಟ್ಟು, ಸಂಧ್ಯಾವಂದನೆಗೆ ಒಳಗೆ ಹೋದರು.

ನಾವು ಜಗಲಿಗೆ ಬಂದೆವು. ನಾನು ಮೆಟ್ಟಿಲ ಮೇಲೆ ಕೂತು ಹಾಳೆ ತೊಡೆಯ ಮೇಲಿಟ್ಟುಕೊಂಡೆ. ಹೊನ್ನಯ್ಯ ಬಗ್ಗಿ, ತಮ್ಮ ಸಾಲುಗಳನ್ನು ಅಚ್ಚಿನಲ್ಲಿ ಮೊದಲ ಸಲ ನೋಡಿದರು. ಬೆರಳಿಂದ ಮುಟ್ಟಲಿಲ್ಲ, ಹತ್ತಿರ ಹತ್ತಿರ ತಂದು ನಿಲ್ಲಿಸಿದರು. ಆಮೇಲೆ ಹಾಳೆಯ ಮೇಲೆ ಕೆಳಗೆ ಕಣ್ಣಾಡಿಸಿದರು.

“ಈ ಅಜ್ಞಾತ ಅನ್ನೋರು ಬಾಳ ಕಡೆ ಅವ್ರಲ್ಲ ಸ್ವಾಮಿ. ಒಟ್ಟು ಎಷ್ಟು ಬರ್ದವ್ರೆ?”

“ಈ ಸಂಪುಟದಲ್ಲಿ ಮುನ್ನೂರ ಹನ್ನೊಂದು.”

“ಶ್ರಮಜೀವಿ.”

ನಾನು ಪೆನ್ನು ತೆಗೆದು ‘ಅಜ್ಞಾತ’ವನ್ನು ಹೊಡೆದುಹಾಕಿ, ಅಂಚಿನಲ್ಲಿ ‘ಹೊನ್ನಯ್ಯ, ಪಂಚನಹಳ್ಳಿ’ ಎಂದು ಬರೆದೆ. ಆ ಕ್ಯಾಟಲಾಗಿನ ಕೆಲಸದಲ್ಲಿ ನಾನು ಖಂಡಿತವಾಗಿ ತಿಳಿದು ಬರೆದ ಕರ್ತೃವಿನ ಹೆಸರು ಅದೊಂದೇ ಇರಬೇಕು. ಮಿಕ್ಕ ಮುನ್ನೂರ ಹತ್ತರಲ್ಲಿ ಎಷ್ಟು ಜನ ಹೀಗೆ ಬಾಗಿಲಲ್ಲಿ ನಿಂತು ತಪ್ಪಾಯಿತು ಎಂದು ಹೋಗಿದ್ದರೋ.

“ಏನ್ ಬರುದ್ರು?” ಎಂದರು ಲಿಂಗಮ್ಮ.

ಹೊನ್ನಯ್ಯ ಓದಿ ಹೇಳಿದರು. ದನಿ ಸ್ವಲ್ಪ ಏರಿತ್ತು.

“ಅಳ್ಸಿ. ಇನ್ಸ್‌ಪೆಕ್ಟ್ರು ಓದ್ತಾರೆ.”

“ಇನ್ಸ್‌ಪೆಕ್ಟ್ರು ಇಂಥಾದ್ದೆಲ್ಲ ಓದಲ್ಲ ಕಣೇ. ಇದ್ನ ಯಾರೂ ಓದಲ್ಲ.”

“ಯಾರೂ ಓದದೇ ಇದ್ದ ಮೇಲೆ ಹೆಸ್ರು ಹಾಕ್ಸಿ ಏನ್ ಬಂತು? ಅಳ್ಸಿ.”

ಹೊನ್ನಯ್ಯ ಇನ್ನೂ ಹಸಿಯಾಗಿದ್ದ ಶಾಯಿಯನ್ನು ಬಹಳ ಹೊತ್ತು ನೋಡಿದರು. ಒಣಗುವವರೆಗೂ ನೋಡಿದರು.

“ಅಳ್ಸಿ ಸ್ವಾಮಿ. ಪುಸ್ತಕ ಅವ್ರ ಹೆಸ್ರಲ್ಲೇ ಇರ್ಲಿ. ಸ್ಕೂಲು ನನ್ನ ಹೆಸ್ರಲ್ಲಿರ್ಲಿ.”

ನಾನು ಹೊನ್ನಯ್ಯನ ಮೇಲೆ ಗೀಟು ಎಳೆದು ಅಜ್ಞಾತನನ್ನು ವಾಪಸು ಕರೆದುಕೊಂಡೆ. ಅದರ ಪಕ್ಕದಲ್ಲಿ ‘ಕಂಡಿದ್ದೇನೆ’ ಎಂದು ಬರೆದು ಸಹಿ ಹಾಕಿದೆ. ಗ್ರಂಥವನ್ನಲ್ಲದಿದ್ದರೂ ಅಜ್ಞಾತನನ್ನು ಕಂಡಿದ್ದೆ.

“ಮಧ್ಯದ್ದು ಬಾಕಿ ಇದೆ. ಒಂದು ಬಿಳೀ ಹಾಳೆ ಇದ್ರೆ ಕೊಡ್ತೀರಾ?” ಎಂದರು ಹೊನ್ನಯ್ಯ.

ಕೊಟ್ಟೆ, ಪೆನ್ನನ್ನೂ ಕೊಟ್ಟೆ. ಅವರು ಜಗಲಿಯ ಕಂಬಕ್ಕೆ ಒರಗಿ, ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ರೈಲ್ವೆ ಸ್ಟೇಷನ್ನಿನ ಕಡೆ ಕಣ್ಣು ನೆಟ್ಟು ಕೂತರು. ಖಾಸಿಂ ಸಾಬರು ಗಾಡಿ ಕಟ್ಟಲೇ ಎಂದು ಕೇಳುತ್ತ ಬಂದರು. ಲಿಂಗಮ್ಮ ತುಟಿಗೆ ಬೆರಳಿಟ್ಟು ಅವರನ್ನು ಅಲ್ಲೇ ನಿಲ್ಲಿಸಿದರು.